ಬ್ರಾಯ್ಲರ್ ಕೋಳಿಗೆ ನೀರಲ್ಲಿ ಬೆಳೆದ ಮೇವು: ನಾವು ತೂಗಿ ನೋಡಿದ್ದು

(ಸಂಘದ ರಜತ ಮಹೋತ್ಸವದ ಅಂಗವಾಗಿ 2025ರಲ್ಲಿ ಏರ್ಪಡಿಸಿದ್ದ ಸದಸ್ಯ ಶಿಕ್ಷಣ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



2000ನೇ ಇಸವಿಯಲ್ಲಿ ಈ ಸಂಘ ಶುರುವಾದಾಗ ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿ ದನ ನೋಡಿಕೊಂಡಿದ್ದ ಹುಡುಗರು. ಷೇರು ಹಾಕಿ ಅಂತ ಹಿರಿಯರು ಮನೆಮನೆಗೆ ಬಂದಾಗ ನಮ್ಮ ತಂದೆಯವರು ನೂರು ರೂಪಾಯಿ ಕೊಟ್ಟಿದ್ದು ಇನ್ನೂ ಕಣ್ಣ ಮುಂದಿದೆ. ಇವತ್ತು ಇಪ್ಪತ್ತೈದು ವರ್ಷ ತುಂಬಿದೆ. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ವಿವರವಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಕೋಳಿ ಸಾಕಾಣಿಕೆ. ಅದರಲ್ಲೂ, ನೀರಿನಲ್ಲಿ ಬೆಳೆದ ಮೇವನ್ನು, ಅಂದರೆ ಹೈಡ್ರೋಪೋನಿಕ್ಸ್ ಮೇವನ್ನು ಬ್ರಾಯ್ಲರ್ ಕೋಳಿಗೆ ಹಾಕಿದರೆ ಏನಾಗುತ್ತೆ ಅನ್ನೋದು. ಈ ವಿಷಯವನ್ನು ನಾವೇ ಕೇಳಿ ಪಡೆದುಕೊಂಡೆವು. ಯಾಕೆ ಅಂದರೆ ಇದರಲ್ಲಿ ಒಂದು ತಪ್ಪು ನಮ್ಮಿಂದ ಆಗಿದೆ. ಸಂಘದ ಪುಸ್ತಕದಲ್ಲಿ ಅದು ಸಾಲದ ಬಾಕಿ ಅಂತ ಇದೆ, ಅಷ್ಟೆ. ಅದರ ಹಿಂದೆ ಏನು ನಡೆಯಿತು ಅನ್ನೋದು ಎಲ್ಲಾ ಸದಸ್ಯರಿಗೂ ಗೊತ್ತಿರಲಿ ಅಂತ ಈ ಮಾತು.

ಮೊದಲು ಆ ಕಾಲ ನೆನಪು ಮಾಡಿಕೊಳ್ಳಿ. 2020ರ ಫೆಬ್ರವರಿ, ಮಾರ್ಚಿಯಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿತು. ಎಳೆ ಕೂಸಿನ ಹಾಗೆ ನೋಡಿಕೊಂಡು ಎರಡು ಕೆ.ಜಿ. ಮಾಡಿದ ಕೋಳಿಯನ್ನು ಕೇಳುವವರೇ ಇಲ್ಲ. ಎಷ್ಟೋ ಕಡೆ ಗುಂಡಿ ತೋಡಿ ಮುಚ್ಚಿದರು. ಆಮೇಲೆ ಕಂಪನಿಯವರು ಮರಿ ಕೊಡೋದು ಕಡಿಮೆ ಮಾಡಿದರು. ಶೆಡ್ ಖಾಲಿ ಬಿಡಬಾರದು ಅಂತ ನಮ್ಮ ಕೆಲವು ಸದಸ್ಯರು ಹ್ಯಾಚರಿಯಿಂದ ಸ್ವಂತ ದುಡ್ಡಿಗೆ ಮರಿ ತಂದು, ಸ್ವಂತ ದುಡ್ಡಿಗೆ ಫೀಡ್ ಹಾಕಿ ಬೆಳೆಸೋಕೆ ಶುರು ಮಾಡಿದರು. ಅಷ್ಟರಲ್ಲಿ 2021 ಬಂತು. ಸೋಯಾ ಹಿಂಡಿ ರೇಟು ಹಿಂದೆಂದೂ ಇಲ್ಲದಷ್ಟು ಏರಿತು. ಆ ವರ್ಷ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಹೊರದೇಶದಿಂದ 12 ಲಕ್ಷ ಟನ್ ಸೋಯಾ ಹಿಂಡಿ ತರಿಸಲು ಒಪ್ಪಿಗೆ ಕೊಡಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ನೋಡಿ. ನಮ್ಮ ಕಡೆ ಫೀಡು ಕೆ.ಜಿ.ಗೆ ನಲವತ್ತು ರೂಪಾಯಿ ದಾಟಿತು. ಕೋಳಿ ಸಾಕಾಣಿಕೆ ಖರ್ಚಿನಲ್ಲಿ ರೂಪಾಯಿಗೆ ಹತ್ತಿರ ಹತ್ತಿರ ಮುಕ್ಕಾಲು ಭಾಗ ಫೀಡೇ. ಫೀಡ್ ಕಡಿಮೆ ಮಾಡೋ ಉಪಾಯ ಯಾರು ಹೇಳಿದರೂ ಕಿವಿ ನೆಟ್ಟಗಾಗುತ್ತಿತ್ತು.

ಆ ಸಮಯಕ್ಕೆ ಸರಿಯಾಗಿ ಒಬ್ಬ ಮಾರಾಟಗಾರ ನಮ್ಮ ತಾಲ್ಲೂಕಿಗೆ ಬಂದ. ಹೆಸರು ಬೇಡ. ಹಸಿರು ಬಟ್ಟೆಯ ಗೂಡು, ಒಳಗೆ ಕಬ್ಬಿಣದ ರ‍್ಯಾಕು, ರ‍್ಯಾಕಿನ ಮೇಲೆ ಸಾಲಾಗಿ ಟ್ರೇ, ಮೇಲಿನಿಂದ ಮಂಜು ಸುರಿದ ಹಾಗೆ ನೀರು. ಟ್ರೇಯಲ್ಲಿ ಮಣ್ಣಿಲ್ಲ, ಗೊಬ್ಬರ ಇಲ್ಲ. ಮುಸುಕಿನ ಜೋಳ ಹರಡಿ ಎಂಟು ದಿನಕ್ಕೆ ಗೇಣುದ್ದ ಹುಲ್ಲು. ಕೈ ಹಾಕಿ ಎತ್ತಿದರೆ ಚಾಪೆ ಸುರುಳಿ ಎತ್ತಿದ ಹಾಗೆ ಬೇರು ಸಮೇತ ಬರುತ್ತೆ. ಒಂದು ಕೆ.ಜಿ. ಜೋಳಕ್ಕೆ ಐದಾರು ಕೆ.ಜಿ. ಹಸಿರು ಮೇವು. "ಸರ್, ಫೀಡು ನಲವತ್ತು ರೂಪಾಯಿ, ಇದು ನಾಲ್ಕು ರೂಪಾಯಿ. ಕಾಲು ಭಾಗ ಫೀಡ್ ಬಿಡಿಸಿ ಇದನ್ನ ಹಾಕಿ, ವರ್ಷದಲ್ಲಿ ಮಷಿನ್ ದುಡ್ಡು ವಾಪಸ್" ಅಂದ. ಜೋಳದಲ್ಲಿ ಪ್ರೋಟೀನ್ ನೂರಕ್ಕೆ ಒಂಬತ್ತು, ಮೇವಲ್ಲಿ ಹದಿಮೂರು ಅಂತ ಲ್ಯಾಬಿನ ಕಾಗದವನ್ನೂ ತೋರಿಸಿದ. ಆ ಕಾಗದ ಸುಳ್ಳಲ್ಲ, ಈ ಮಾತು ಗಮನ ಇಟ್ಟುಕೊಳ್ಳಿ, ಮುಂದೆ ಬರುತ್ತೆ.

ನಾವು ಮೂರು ಜನ ನಿರ್ದೇಶಕರು ಹೋಗಿ ನೋಡಿಕೊಂಡು ಬಂದೆವು. ನಿಜ ಹೇಳಬೇಕು ಅಂದರೆ ಆ ಹಸಿರು ನೋಡಿ ಕಣ್ಣು ತುಂಬಿಹೋಯಿತು. ಬೇಸಿಗೆಯಲ್ಲಿ ಒಂದು ಕಟ್ಟು ಹಸಿ ಹುಲ್ಲಿಗೆ ಅಲೆದವರಿಗೇ ಗೊತ್ತು ಆ ಹಸಿರಿನ ಬೆಲೆ. ನಮ್ಮ ಸದಸ್ಯರೊಬ್ಬರು, ಚಿಕ್ಕ ವಯಸ್ಸಿನವರು, ಸಾವಿರ ಕೋಳಿಯ ಶೆಡ್ ಇಟ್ಟಿದ್ದವರು, ಮಷಿನ್ ಹಾಕ್ತೀನಿ ಅಂತ ಮಧ್ಯಮಾವಧಿ ಸಾಲಕ್ಕೆ ಅರ್ಜಿ ಹಾಕಿದರು. ದಿನಕ್ಕೆ ನೂರು ಕೆ.ಜಿ. ಮೇವು ಕೊಡುವ ಮಷಿನು, ಒಂದೂವರೆ ಲಕ್ಷ. ಸಂಘದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಸಾಲ, ಉಳಿದದ್ದಕ್ಕೆ ಅವರ ಮನೆಯವರ ಕೈ ಬಳೆ ಅಡ ಹೋಯಿತು. ಸ್ಥಳ ತನಿಖೆ ವರದಿ ಬರೆದವರು ನಾವೇ. "ಯೋಜನೆ ಲಾಭದಾಯಕವಾಗಿರುತ್ತದೆ, ಸಾಲ ಮಂಜೂರು ಮಾಡಬಹುದು" ಅಂತ ನಮ್ಮ ಕೈ ಬರಹ, ನಮ್ಮ ರುಜು. ಆ ಹಾಳೆ ಇವತ್ತಿಗೂ ಕಡತದಲ್ಲಿದೆ. ಎಷ್ಟು ಲಾಭ, ಯಾವುದರಿಂದ ಲಾಭ ಅಂತ ಒಂದು ಸಾಲು ಲೆಕ್ಕ ಅದರಲ್ಲಿ ಇಲ್ಲ.

2021ರ ನವೆಂಬರಿನಲ್ಲಿ ಮಷಿನ್ ಬಂತು. ಡಿಸೆಂಬರಿನ ಬ್ಯಾಚಿಗೆ, ಮರಿಗಳಿಗೆ ಮೂರು ವಾರ ತುಂಬಿದ ಮೇಲೆ, ಮಾರಾಟಗಾರ ಹೇಳಿದ ಹಾಗೆ ಕಾಲು ಭಾಗ ಫೀಡ್ ಕಡಿಮೆ ಮಾಡಿ ಮೇವು ಹಾಕಿದರು. ಕೋಳಿ ಮುಗಿಬಿದ್ದು ತಿಂದವು. ನೋಡೋಕೆ ಚೆಂದ. ವಾರ ಕಳೆಯೋದರಲ್ಲಿ ಹಿಕ್ಕೆ ನೀರಾಗೋಕೆ ಶುರುವಾಯಿತು. ಕೆಳಗೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ರೊಟ್ಟಿಯ ಹಾಗೆ ಗಟ್ಟಿ ಕಟ್ಟಿತು. ಶೆಡ್ ಒಳಗೆ ಹೋದರೆ ಕಣ್ಣು ಉರಿ. ನಾಲ್ಕನೇ ವಾರ ರಕ್ತ ಭೇದಿ ಕಾಣಿಸಿತು. ನಲವತ್ತೆರಡನೇ ದಿನ ತೂಕ ಹಾಕಿದರೆ ಎರಡು ಕೆ.ಜಿ. ದಾಟಬೇಕಾದ ಕೋಳಿ ಒಂದು ಕೆ.ಜಿ. ಏಳುನೂರರ ಆಸುಪಾಸಿನಲ್ಲಿ ನಿಂತಿತ್ತು. ಎಪ್ಪತ್ತು ಕೋಳಿ ಸತ್ತಿದ್ದವು.

ಆ ರಾತ್ರಿ ಅವರು ನಮ್ಮ ಮನೆಗೆ ಬಂದರು. ಜಗಲಿ ಮೇಲೆ ಕೂತರು, ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಬೈಯಲಿಲ್ಲ. "ಅಣ್ಣಾ, ನೀವು ಹೋಗಿ ನೋಡ್ಕೊಂಡು ಬಂದೇ ಅಲ್ವಾ ಸೈನ್ ಹಾಕಿದ್ದು?" ಅಂದರು. ಅಷ್ಟೇ ಕೇಳಿದ್ದು. ಉತ್ತರ ಕೊಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಅವರು ಈಗಲೂ ಈ ಸಭೆಯಲ್ಲಿ ಕೂತಿದ್ದಾರೆ. ಹೇಳಿ ಅಣ್ಣ, ಆದರೆ ಹೆಸರು ಹೇಳಬೇಡಿ ಅಂದಿದ್ದಾರೆ. ಊರಿಗೆಲ್ಲ ಗೊತ್ತಿರೋ ಹೆಸರು, ಆದರೂ ಹೇಳುವುದಿಲ್ಲ.

ಮಾರನೇ ದಿನ ಪಶು ಆಸ್ಪತ್ರೆಯ ಡಾಕ್ಟರನ್ನು ಕರೆದುಕೊಂಡು ಹೋದೆವು. ಅವರು ಅವತ್ತೇ ಸತ್ತಿದ್ದ ಒಂದು ಕೋಳಿಯನ್ನು ಸೀಳಿ ತೋರಿಸಿದರು. ಕೋಳಿಯ ಕತ್ತಿನ ಬುಡದಲ್ಲಿ ಒಂದು ಚೀಲ ಇದೆ, ತಿಂದದ್ದು ಮೊದಲು ಅಲ್ಲಿ ನಿಲ್ಲುತ್ತೆ. ಆ ಚೀಲದ ತುಂಬ ಬೇರು, ಹುಲ್ಲಿನ ಎಳೆ ಹೆಣೆದುಕೊಂಡು ನಿಂಬೆಹಣ್ಣಿನ ಗಾತ್ರದ ಉಂಡೆಯಾಗಿತ್ತು. ಆಮೇಲೆ ಅದರ ಕೆಳಗೆ, ಕೋಳಿ ಅಂಗಡಿಯಲ್ಲಿ ಸೀಳಿ ಒಳಗಿನ ಹಳದಿ ಸಿಪ್ಪೆ ಕೀಳ್ತಾರಲ್ಲ, ಆ ಗಟ್ಟಿ ಮಾಂಸದ ಚೀಲ. ಕೋಳಿಗೆ ಹಲ್ಲಿಲ್ಲ, ಅರೆಯೋ ಕೆಲಸ ಅದರದ್ದು. ಅಲ್ಲಿಂದ ಮುಂದೆ ಕರುಳು. ಅಷ್ಟೇ. ಹಸುವಿನ ಹಾಗೆ ನಾಲ್ಕು ಕೋಣೆಯ ಹೊಟ್ಟೆ ಇಲ್ಲ, ಮೆಲುಕು ಹಾಕೋದಿಲ್ಲ. ಹಸುವಿನ ಹೊಟ್ಟೆಯಲ್ಲಿ ನಾರನ್ನು ಕರಗಿಸೋ ಸೂಕ್ಷ್ಮ ಜೀವಿಗಳು ಕೋಟಿಗಟ್ಟಲೆ ಇವೆ. ಕೋಳಿಯಲ್ಲಿ ಆ ಕೆಲಸ ನಡೆಯೋದು ಕರುಳಿನ ಕೊನೆಯಲ್ಲಿರುವ ಎರಡು ಸಣ್ಣ ಕವಲಿನಲ್ಲಿ ಮಾತ್ರ, ಅದೂ ಸ್ವಲ್ಪ. ಹಸು ಹುಲ್ಲು ತಿಂದು ಹಾಲು ಕೊಡುತ್ತೆ ಅಂತ ಬ್ರಾಯ್ಲರ್ ಹುಲ್ಲು ತಿಂದು ಮಾಂಸ ಕೊಡೋಕೆ ಆಗೋದಿಲ್ಲ.

ಸತ್ತ ಕೋಳಿ ನೋಡಿ ಅರ್ಧ ತಿಳಿಯಿತು. ಇನ್ನರ್ಧ ತಿಳಿಯೋಕೆ ತಕ್ಕಡಿ ಬೇಕಾಯಿತು. ಎಲ್ಲರಿಗೂ ಮುಖ್ಯವಾಗಿ ಹೇಳಬೇಕಾದದ್ದು ಇದೇ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಮನೆಯಲ್ಲಿ ಒಂದು ಕೆ.ಜಿ. ಜೋಳ ತೂಗಿ ಅವರ ಟ್ರೇಯಲ್ಲೇ ಬೆಳೆಸಿದೆವು. ಎಂಟನೇ ದಿನ ಚಾಪೆ ಎತ್ತಿ ತೂಗಿದರೆ ಐದೂವರೆ ಕೆ.ಜಿ. ಮಾರಾಟಗಾರ ಹೇಳಿದ್ದು ನಿಜವೇ. ಅದನ್ನು ಕೊಚ್ಚಿ, ಜಿಂಕ್ ಶೀಟಿನ ಮೇಲೆ ಹರಡಿ, ಇರುವೆ ಮುತ್ತದ ಹಾಗೆ ಸುತ್ತ ಬೂದಿ ಹಾಕಿ, ಚೆನ್ನಾಗಿ ಒಣಗೋ ತನಕ ಬಿಸಿಲಿಗೆ ಇಟ್ಟೆವು. ಗರಿಗರಿ ಆದ ಮೇಲೆ ತೂಗಿದೆವು. ಎಂಟುನೂರು ಗ್ರಾಂ! ತಕ್ಕಡಿ ಸರಿ ಇಲ್ಲ ಅಂತ ಅಂಗಡಿ ತಕ್ಕಡಿಗೆ ಹಾಕಿದರೂ ಅದೇ. ಒಂದು ಕೆ.ಜಿ. ಜೋಳ ಹಾಕಿ, ಎಂಟು ದಿನ ನೀರು ಬಿಟ್ಟು, ಕರೆಂಟು ಸುಟ್ಟು, ಕೊನೆಗೆ ಕೈಗೆ ಬಂದದ್ದು ಎಂಟುನೂರು ಗ್ರಾಂ. ಉಳಿದದ್ದೆಲ್ಲ ನೀರು. ನಮ್ಮ ಮನೆಯವರು ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದವರು, "ಒಂದು ಸೇರು ಅಕ್ಕಿ ಅನ್ನ ಮಾಡಿದ್ರೆ ಪಾತ್ರೆ ತುಂಬ್ತದೆ. ಹಂಗಂತ ಮೂರು ಸೇರು ಅಕ್ಕಿ ಆಗೋಯ್ತಾ? ಇದಕ್ಕೆ ಮಷಿನ್ ಬೇಕಿತ್ತಾ ನಿಮಗೆ?" ಅಂದರು. ಆಡಳಿತ ಮಂಡಳಿಯಲ್ಲಿ ಇಷ್ಟು ಜನ ಕೂತು ಠರಾವು ಮಾಡಿದೆವು, ಈ ಮಾತು ಒಬ್ಬರಿಗೂ ಹೊಳೆಯಲಿಲ್ಲ.

ಆ ಇನ್ನೂರು ಗ್ರಾಂ ಎಲ್ಲಿಗೆ ಹೋಯಿತು ಅಂತ ಕೇಳಬಹುದು. ಬೀಜ ಮೊಳೆಯಬೇಕಾದರೆ ಅದಕ್ಕೂ ಊಟ ಬೇಕು. ತನ್ನೊಳಗಿನ ಗಂಜಿಯನ್ನು, ಅಂದರೆ ಹಿಟ್ಟಿನ ಅಂಶವನ್ನು, ತಾನೇ ತಿಂದು ಬೆಳೆಯುತ್ತೆ. ಬ್ರಾಯ್ಲರಿಗೆ ಜೋಳದಲ್ಲಿ ಬೇಕಾಗಿರೋದೇ ಆ ಗಂಜಿ. ಅದನ್ನು ಸುಟ್ಟು ನಾವು ನಾರು ಮಾಡಿ ಕೊಟ್ಟೆವು. ಇನ್ನು ಪ್ರೋಟೀನ್ ಒಂಬತ್ತರಿಂದ ಹದಿಮೂರಾಯಿತಲ್ಲ, ಅದು? ಸಾರು ಒಲೆ ಮೇಲೆ ಬತ್ತಿದರೆ ಉಪ್ಪು ಜಾಸ್ತಿ ಆಗುತ್ತೆ. ಉಪ್ಪನ್ನು ಯಾರೂ ಹಾಕಿಲ್ಲ, ನೀರು ಹೋಗಿದೆ. ಹಾಗೆಯೇ ಇಲ್ಲಿ ಗಂಜಿ ಕಡಿಮೆಯಾಗಿ ಇದ್ದ ಪ್ರೋಟೀನಿನ ಪಾಲು ಹೆಚ್ಚಾಗಿ ಕಾಣುತ್ತೆ. ಲ್ಯಾಬಿನ ಕಾಗದ ಒಣಗಿಸಿದ ಲೆಕ್ಕ. ಟ್ರೇಯಿಂದ ಎತ್ತಿದ ಹಸಿ ಮೇವಿನಲ್ಲಿ ನೂರು ಗ್ರಾಂಗೆ ಪ್ರೋಟೀನ್ ಎರಡು ಗ್ರಾಂ ಕೂಡ ಬರೋದಿಲ್ಲ.

ಬ್ರಾಯ್ಲರಿಗೆ ಎಷ್ಟು ಬೇಕು ಅನ್ನೋದನ್ನೂ ಹೇಳಿಬಿಡುತ್ತೇವೆ. ಭಾರತೀಯ ಮಾನಕ ಸಂಸ್ಥೆಯ 2007ರ ಮಾನದಂಡದ ಪ್ರಕಾರ ಪ್ರೀ-ಸ್ಟಾರ್ಟರ್ ಫೀಡಿನಲ್ಲಿ ಪ್ರೋಟೀನ್ ನೂರಕ್ಕೆ 23, ಸ್ಟಾರ್ಟರಿನಲ್ಲಿ 22, ಫಿನಿಷರಿನಲ್ಲಿ 20 ಇರಬೇಕು. ನಾರು ನೂರಕ್ಕೆ 5 ದಾಟಬಾರದು. ಈ ಮೇವು ಒಣ ಲೆಕ್ಕದಲ್ಲೇ ನಾರು ಹತ್ತರ ಮೇಲೆ. ಇನ್ನು ಹೊಟ್ಟೆಯ ಲೆಕ್ಕ. ನಾಲ್ಕನೇ ವಾರ ದಾಟಿದ ಬ್ರಾಯ್ಲರ್ ದಿನಕ್ಕೆ ನೂರು ಗ್ರಾಂಗಿಂತ ಹೆಚ್ಚು ಫೀಡ್ ತಿನ್ನುತ್ತೆ. ನೂರು ಅಂತಲೇ ಇಟ್ಟುಕೊಳ್ಳಿ. ಕಾಲು ಭಾಗ ಬಿಡಿಸಿದರೆ ಇಪ್ಪತ್ತೈದು ಗ್ರಾಂ ಹೋಯಿತು. ಆ ಇಪ್ಪತ್ತೈದು ಗ್ರಾಂ ಒಣ ಪದಾರ್ಥವನ್ನು ಈ ಹಸಿರಿನಿಂದ ತುಂಬಬೇಕಾದರೆ ಒಂದೊಂದು ಕೋಳಿ ಹೆಚ್ಚುಕಡಿಮೆ ನೂರ ಎಪ್ಪತ್ತು ಗ್ರಾಂ ಮೇವು ತಿನ್ನಬೇಕು. ಅಷ್ಟು ತಿಂದರೂ ಸಿಗೋದು ನಾರು, ಫೀಡಿನ ಶಕ್ತಿ ಅಲ್ಲ. ಅಷ್ಟಕ್ಕೂ ಅದರ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ನೀರು ತುಂಬಿದ ಹೊಟ್ಟೆ, ಫೀಡಿನ ಮುಂದೆ ನಿಂತರೂ ತಿನ್ನೋದಿಲ್ಲ. ಬ್ರಾಯ್ಲರ್ ಆಯಸ್ಸು ಆರು ವಾರ. ಒಂದು ವಾರ ಹಿಂದೆ ಬಿದ್ದರೆ ಮುಂದೆ ಸರಿಪಡಿಸಿಕೊಳ್ಳೋಕೆ ಅದಕ್ಕೆ ದಿನ ಉಳಿದಿರೋದಿಲ್ಲ.

ಇಷ್ಟು ಲೆಕ್ಕ ಹಾಕಿದ ಮೇಲೂ ನಮಗೆ ಸಮಾಧಾನ ಇಲ್ಲ. ಅವರ ಶೆಡ್ಡಿನಲ್ಲಿ ರಕ್ತ ಭೇದಿ ಬಂದದ್ದರಿಂದ ಹೀಗಾಯಿತೇನೋ, ಮೇವಿನ ತಪ್ಪಲ್ಲವೇನೋ ಅಂತ ಒಂದು ಆಸೆ. ತಪ್ಪು ಮಾಡಿದವರಿಗೆ ಇಂಥ ಆಸೆ ಬೇಗ ಬರುತ್ತೆ. 2022ರ ಫೆಬ್ರವರಿಯಲ್ಲಿ ನಾವೇ ನೂರಿಪ್ಪತ್ತು ಮರಿ ತಂದೆವು. ಮೂರು ವಾರ ಎಲ್ಲಕ್ಕೂ ಒಂದೇ ಫೀಡ್. ಆಮೇಲೆ ತಂತಿ ಬಲೆ ಕಟ್ಟಿ ನಲವತ್ತು ನಲವತ್ತರ ಮೂರು ಗುಂಪು ಮಾಡಿದೆವು. ಮೊದಲನೆಯದಕ್ಕೆ ಬರೀ ಫೀಡು. ಎರಡನೆಯದಕ್ಕೆ ಮುಕ್ಕಾಲು ಫೀಡು, ಮೇವು ತಿಂದಷ್ಟು. ಮೂರನೆಯದಕ್ಕೆ ಫೀಡ್ ಪೂರ್ತಿ, ಮೇವನ್ನು ಸಣ್ಣಗೆ ಕೊಚ್ಚಿ ಕೋಳಿಗೆ ಹತ್ತು ಗ್ರಾಂ ಲೆಕ್ಕದಲ್ಲಿ ಮಧ್ಯಾಹ್ನ ಒಂದು ಸಲ. ನಲವತ್ತೆರಡನೇ ದಿನ ಸಂಘದ ಕಾರ್ಯದರ್ಶಿಗಳ ಎದುರಿನಲ್ಲೇ ತೂಕ. ಮೊದಲನೇ ಗುಂಪು ಸರಾಸರಿ ಎರಡು ಕೆ.ಜಿ. ನೂರು ಗ್ರಾಂ. ಎರಡನೆಯದು ಒಂದು ಕೆ.ಜಿ. ಏಳುನೂರೈವತ್ತು. ಮೂರನೆಯದು ಮೊದಲನೆಯದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರಕ್ತ ಭೇದಿ ಯಾವುದಕ್ಕೂ ಬರಲಿಲ್ಲ. ಹಾಗಾಗಿ ತಪ್ಪಿಸಿಕೊಳ್ಳೋಕೆ ದಾರಿ ಉಳಿಯಲಿಲ್ಲ.

ದುಡ್ಡಿನ ಲೆಕ್ಕ ಕೇಳಿ. ಆಗ ಜೋಳ ಕೆ.ಜಿ.ಗೆ ಇಪ್ಪತ್ತು ರೂಪಾಯಿ. ಕರೆಂಟು, ಆಳು, ತೊಳೆಯೋ ಔಷಧಿ ಎಲ್ಲಾ ಸೇರಿ ಹಸಿ ಮೇವು ಕೆ.ಜಿ.ಗೆ ಐದು ರೂಪಾಯಿ ಬಿತ್ತು. ಐದೂವರೆ ಕೆ.ಜಿ.ಗೆ ಇಪ್ಪತ್ತೇಳೂವರೆ ರೂಪಾಯಿ. ಒಣಗಿದರೆ ಎಂಟುನೂರು ಗ್ರಾಂ. ಅಂದರೆ ಒಣ ಲೆಕ್ಕದಲ್ಲಿ ಕೆ.ಜಿ.ಗೆ ಮೂವತ್ತನಾಲ್ಕು ರೂಪಾಯಿ. ಇಪ್ಪತ್ತು ರೂಪಾಯಿಯ ಒಳ್ಳೆಯ ಜೋಳವನ್ನು ಮೂವತ್ತನಾಲ್ಕು ರೂಪಾಯಿಯ ಹುಲ್ಲು ಮಾಡಿದೆವು. ಮಷಿನಿನ ಬಡ್ಡಿ ಇದರಲ್ಲಿ ಸೇರಿಲ್ಲ. 2025-26ಕ್ಕೆ ಮುಸುಕಿನ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಆಗಿತ್ತು, ಆ ದರ ಹಿಡಿದು ನೀವೇ ಮನೆಯಲ್ಲಿ ಲೆಕ್ಕ ಹಾಕಿ ನೋಡಿ.

ಕಂಪನಿ ಕೋಳಿ ಸಾಕುವವರಿಗೆ ಒಂದು ಮಾತು. ಮರಿ, ಫೀಡು, ಔಷಧಿ ಎಲ್ಲಾ ಅವರದು, ನಮ್ಮದು ಶೆಡ್ಡು ಮತ್ತು ಮೈ ಕೆಲಸ. ಫೀಡ್ ಎಷ್ಟು ತಿಂದು ಎಷ್ಟು ತೂಕ ಬಂತು ಅನ್ನೋದರ ಮೇಲೆ ನಮಗೆ ಕೂಲಿ. ಅವರ ಕರಾರಿನಲ್ಲಿ ಹೊರಗಿನ ಮೇವು ಹಾಕೋ ಹಾಗಿಲ್ಲ. ಹಾಕಿ ತೂಕ ಕಡಿಮೆ ಬಂದರೆ ಕಳೆದುಕೊಳ್ಳೋದು ನಾವೇ. ಆ ಯೋಚನೆಯೇ ಬೇಡ.

ಇನ್ನು ಅಪಾಯದ ಎರಡು ಸಂಗತಿ ಇವೆ. ಒಂದು, ಬೂಷ್ಟು. ಬೆಚ್ಚಗೆ, ಒದ್ದೆಯಾಗಿ, ಗಾಳಿ ಇಲ್ಲದೆ ಇರೋ ಕಡೆ ಬೂಷ್ಟು ಬರದೆ ಇರೋದಿಲ್ಲ. ಮಾರ್ಕೆಟ್ ಯಾರ್ಡಿನಿಂದ ತಂದ ಜೋಳದಲ್ಲಿ ಒಡೆದ ಕಾಳು, ಹುಳು ಹಿಡಿದ ಕಾಳು ಇರುತ್ತೆ, ಅವು ಮೊಳೆಯೋದಿಲ್ಲ, ಅಲ್ಲೇ ಕೊಳೆಯುತ್ತವೆ. ಬಿಳಿ ಕರಿ ಹಸಿರು ಬೂಷ್ಟು ಅಲ್ಲಿಂದಲೇ ಹುಟ್ಟೋದು. ಅದನ್ನು ಕೋಳಿಗೆ ಹಾಕಿದರೆ ಮರಿಗಳಿಗೆ ಶ್ವಾಸಕೋಶದ ಕಾಯಿಲೆ ಬರುತ್ತೆ, ಬಾಯಿ ತೆರೆದು ಉಸಿರಾಡ್ತಾ ಸಾಯುತ್ತವೆ. ಕೆಲವು ಬೂಷ್ಟಿನ ವಿಷ ಪಿತ್ತಕೋಶ, ಈಲಿ ಎಲ್ಲವನ್ನೂ ಕೆಡಿಸುತ್ತೆ. ಬೂಷ್ಟು ಇರೋ ಭಾಗ ಕಿತ್ತು ಉಳಿದದ್ದು ಹಾಕೋಣ ಅನ್ನೋದೂ ಬೇಡ. ಆ ಟ್ರೇ ಪೂರ್ತಿ ತಿಪ್ಪೆಗೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ನಮ್ಮೂರಿನ ಒಬ್ಬ ಹುಡುಗ, ಬಿತ್ತನೆ ಮಾಡಿ ಉಳಿದ ಜೋಳ ಎರಡು ಪ್ಯಾಕೆಟ್ ಇದೆ, ಚೆನ್ನಾಗಿ ಮೊಳೆಯುತ್ತೆ ಅಂತ ಟ್ರೇಗೆ ಹಾಕೋಕೆ ತಂದಿದ್ದ. ಕೆಂಪು ಬಣ್ಣದ ಬೀಜ. ನಾವು ನೋಡಿ ಕೈಯಿಂದ ಕಿತ್ತುಕೊಂಡೆವು. ಬಿತ್ತನೆ ಬೀಜಕ್ಕೆ ಆ ಬಣ್ಣ ಚೆಂದಕ್ಕೆ ಹಾಕಿರೋದಲ್ಲ, ವಿಷ ಸವರಿದೆ ಅಂತ ತಿಳಿಯಲಿ ಅಂತ ಹಾಕಿರೋದು. ಥೈರಾಮ್ ಅಂತ ಒಂದು ಶಿಲೀಂಧ್ರನಾಶಕ ಬೀಜೋಪಚಾರಕ್ಕೆ ಬಳಸುತ್ತಾರೆ, ಅದು ಹೊಟ್ಟೆಗೆ ಹೋದರೆ ಬ್ರಾಯ್ಲರ್ ಮರಿಗಳ ಕಾಲಿನ ಮೂಳೆ ಸರಿಯಾಗಿ ಕೂಡದೆ ಕುಂಟುತ್ತವೆ, ಕೂತಲ್ಲೇ ಕೂರುತ್ತವೆ. 2018ರಲ್ಲಿ ಶಿವಮೊಗ್ಗ ಕಡೆ ಸೈನಿಕ ಹುಳು ಕಾಣಿಸಿಕೊಂಡ ಮೇಲಂತೂ ಜೋಳದ ಬೀಜಕ್ಕೆ ಹುಳು ಸಾಯೋ ಔಷಧಿಯನ್ನೂ ಸವರೋದಿದೆ. ಎಷ್ಟು ತೊಳೆದರೂ ಆ ಬೀಜ ಕೋಳಿಗೂ ಬೇಡ, ಹಸುವಿಗೂ ಬೇಡ.

ಹಾಗಾದರೆ ಈ ಮೇವು ದಂಡವೇ? ಹಾಗೆ ಹೇಳಿದರೆ ಅದೂ ತಪ್ಪಾಗುತ್ತೆ. ಗೋವಾದಲ್ಲಿರುವ ಐ.ಸಿ.ಎ.ಆರ್. ಸಂಶೋಧನಾ ಸಂಸ್ಥೆಯವರು ಮುಸುಕಿನ ಜೋಳದಿಂದ ಈ ಮೇವು ಬೆಳೆದು ಹಾಲಿನ ಹಸುಗಳಿಗೆ ಹಾಕಿ ಪರೀಕ್ಷೆ ಮಾಡಿದ್ದಾರೆ. ಹಸುವಿಗೆ ಅದು ಒಗ್ಗುತ್ತೆ. ಬರೀ ರಾಗಿ ಹುಲ್ಲು ತಿಂದು ಒಣಗಿದ ಹಸುವಿಗೆ ಫೆಬ್ರವರಿಯಿಂದ ಮೇ ತನಕ ದಿನಕ್ಕೆ ಏಳೆಂಟು ಕೆ.ಜಿ. ಸಿಕ್ಕರೆ ಮೈಗೂ ಹಿತ, ಒಣ ಹುಲ್ಲನ್ನೂ ಆಸೆಯಿಂದ ತಿನ್ನುತ್ತೆ. ಆದರೆ ನೀರಾವರಿ ಇದ್ದು, ನೇಪಿಯರ್ ಹುಲ್ಲು ಬೆಳೆಯೋಕೆ ನಾಲ್ಕು ಗುಂಟೆ ಇರುವವರಿಗೆ ಅದೇ ಅಗ್ಗ. ಜಾಗ, ನೀರು ಎರಡೂ ಇಲ್ಲದವರಿಗೆ ಮಾತ್ರ ಇದು.

ಕೋಳಿಯಲ್ಲೂ ಹಿತ್ತಲ ಕೋಳಿ ಬೇರೆ. ನಮ್ಮ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ, ಸ್ವರ್ಣಧಾರ ಕೋಳಿಗಳನ್ನು ಹಿತ್ತಲಲ್ಲಿ ಸಾಕಿರುವ ತಾಯಂದಿರು ಇಲ್ಲಿ ಬಹಳ ಜನ ಇದ್ದೀರಿ. ಅವಕ್ಕೆ ಆರು ವಾರದ ಅವಸರ ಇಲ್ಲ. ಕೆದಕಿ, ಹುಳ ಹುಪ್ಪಟೆ ತಿಂದು, ನಿಧಾನಕ್ಕೆ ಬೆಳೆಯುತ್ತವೆ. ಒಂದೊಂದಕ್ಕೆ ಒಂದು ಹಿಡಿ ಸಣ್ಣಗೆ ಕೊಚ್ಚಿದ ಹಸಿರು ಹಾಕಿದರೆ ಮೊಟ್ಟೆಯ ಭಂಡಾರ ಚೆನ್ನಾಗಿ ಹಳದಿ ಬರುತ್ತೆ, ಗಿರಾಕಿ ಅದನ್ನೇ ಕೇಳ್ತಾರೆ. ಕಾಳು ಮಾತ್ರ ನಿಲ್ಲಿಸಬಾರದು. ಇದಕ್ಕೆ ಮಷಿನೇ ಬೇಡ. ಹತ್ತು ಕೋಳಿಗೆ ಮನೆಯಲ್ಲಿರುವ ಎರಡು ತೂತು ಮಾಡಿದ ಪ್ಲಾಸ್ಟಿಕ್ ತಟ್ಟೆ ಸಾಕು. ಜೋಳವನ್ನು ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ, ಎಂಬತ್ತೈದಕ್ಕಿಂತ ಕಡಿಮೆ ಮೊಳೆತರೆ ಆ ಜೋಳ ಬೇಡ. ತೊಳೆದು, ತೇಲಿದ ಜೊಳ್ಳು ತೆಗೆದು, ರಾತ್ರಿಯೆಲ್ಲಾ ನೆನೆಹಾಕಿ. ಗೋಣಿತಾಟಿನಲ್ಲಿ ಒಂದು ದಿನ ಕಟ್ಟಿ. ಮೊಳಕೆ ಒಡೆದದ್ದನ್ನು ತಟ್ಟೆಯಲ್ಲಿ ಬೆರಳು ದಪ್ಪಕ್ಕಿಂತ ಕಡಿಮೆ ಹರಡಿ, ನೆರಳಲ್ಲಿಟ್ಟು, ಎರಡು ಮೂರು ಗಂಟೆಗೊಮ್ಮೆ ನೀರು ಚಿಮುಕಿಸಿ. ನೀರು ನಿಲ್ಲಬಾರದು. ಏಳೆಂಟು ದಿನಕ್ಕೆ ತಯಾರು. ಪ್ರತಿ ಸಲ ತಟ್ಟೆಯನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟ ಮೇಲೆ ಮುಂದಿನದು.

ಬ್ರಾಯ್ಲರಿಗೆ ಹಾಕಲೇಬೇಕು ಅನ್ನುವವರು ಇದ್ದರೆ, ನಮ್ಮ ಮೂರನೇ ಗುಂಪಿನ ಹಾಗೆ ಫೀಡ್ ಒಂದು ಹಿಡಿಯೂ ಕಡಿಮೆ ಮಾಡದೆ, ಚಿಟಿಕೆ ಲೆಕ್ಕದಲ್ಲಿ ಹಾಕಿಕೊಳ್ಳಿ. ಕೋಳಿಗೆ ಕುಕ್ಕೋಕೆ ಒಂದು ಕೆಲಸ ಸಿಗುತ್ತೆ. ಲಾಭ ನಾವು ಕಾಣಲಿಲ್ಲ.

ಸಾಲದ ವಿಷಯ ಹೇಳಿ ಮುಗಿಸುತ್ತೇವೆ. 2022ರ ಏಪ್ರಿಲ್ ಸಭೆಯಲ್ಲಿ ಈ ತೂಕದ ಲೆಕ್ಕವನ್ನೆಲ್ಲ ಮಂಡಳಿಯ ಮುಂದೆ ಇಟ್ಟೆವು. ಸಾಲ ತಗೊಂಡವರು ಕಟ್ಟಲೇಬೇಕು, ಮಷಿನ್ ಕೊಳ್ಳಿ ಅಂತ ಸಂಘ ಹೇಳಿತ್ತಾ ಅಂತ ಕೆಲವರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಸಂಘದ ಹಣ ನಿಮ್ಮೆಲ್ಲರ ಹಣ. ಆದರೆ ಲಾಭದಾಯಕ ಅಂತ ಬರೆದುಕೊಟ್ಟದ್ದು ನಾವು. ಅದನ್ನೂ ಅದೇ ಸಭೆಯಲ್ಲಿ ಒಪ್ಪಿಕೊಂಡೆವು, ನಡವಳಿ ಪುಸ್ತಕದಲ್ಲಿ ಬರೆಸಿದ್ದೇವೆ. ಕೊನೆಗೆ ಬಡ್ಡಿ ಬಿಡೋದು ಬೇಡ, ಕಂತಿನ ಅವಧಿ ಎರಡು ವರ್ಷ ಹೆಚ್ಚಿಸೋಣ ಅಂತ ಠರಾವಾಯಿತು. ಮೊದಲ ವರ್ಷದ ಬಡ್ಡಿಯನ್ನು ನಾವು ನಮ್ಮ ಕೈಯಿಂದ ಕಟ್ಟಿದೆವು. ಇದು ದೊಡ್ಡತನಕ್ಕೆ ಹೇಳುತ್ತಿರೋದಲ್ಲ. ಅವರು ಬೇಡ ಅಂದರು, ಅವರ ತಾಯಿಯವರು ಬಂದು, "ಕಟ್ಟಲಿ ಬಿಡಪ್ಪ, ಅವನಿಗೂ ನಿದ್ದೆ ಬರ್ಲಿ" ಅಂದ ಮೇಲೆ ಒಪ್ಪಿದರು.

ಆಮೇಲೆ ಸಂಘದಲ್ಲಿ ಒಂದು ಪದ್ಧತಿ ಬಂದಿದೆ. ಯಾವುದೇ ಹೊಸ ಮಷಿನು, ಹೊಸ ತಳಿ, ಹೊಸ ಮೇವು ಅಂತ ಸಾಲದ ಅರ್ಜಿ ಬಂದರೆ, ಸ್ಥಳ ತನಿಖೆ ಮಾಡುವ ನಿರ್ದೇಶಕರು ಅದನ್ನು ಈಗಾಗಲೇ ಬಳಸುತ್ತಿರುವ ಕನಿಷ್ಠ ಒಬ್ಬ ರೈತರ ಮನೆಗೆ ಹೋಗಿ, ಮಾರಾಟಗಾರ ಜೊತೆಗಿಲ್ಲದೆ ಮಾತಾಡಿ, ಲೆಕ್ಕ ಬರೆದುಕೊಂಡು ಬರಬೇಕು. ಲೆಕ್ಕದ ಹಾಳೆ ಇಲ್ಲದ ವರದಿಯನ್ನು ಕಾರ್ಯದರ್ಶಿಗಳು ತೆಗೆದುಕೊಳ್ಳೋದಿಲ್ಲ. ಹೋದ ವರ್ಷ ನಮ್ಮದೇ ಒಂದು ವರದಿ ವಾಪಸ್ ಬಂತು, ಅದನ್ನೂ ಹೇಳಿಬಿಡುತ್ತೇವೆ.

ಆ ಸದಸ್ಯರು ಬ್ರಾಯ್ಲರ್ ಬಿಟ್ಟಿಲ್ಲ. ಮತ್ತೆ ಕಂಪನಿ ಕೋಳಿ ಹಾಕಿದ್ದಾರೆ. ಮಷಿನ್ ಮಾರೋಕೆ ಹೋದರೆ ಕಬ್ಬಿಣದ ರೇಟಿಗೆ ಕೇಳಿದರು, ಅದಕ್ಕೆ ಇಟ್ಟುಕೊಂಡರು. ಈಗ ಮೂರು ಸೀಮೆ ಹಸು ಕಟ್ಟಿದ್ದಾರೆ, ಬೇಸಿಗೆಯಲ್ಲಿ ನಾಲ್ಕೇ ರ‍್ಯಾಕು ನಡೆಸುತ್ತಾರೆ. ಅಡ ಇಟ್ಟ ಬಳೆ 2024ರ ಯುಗಾದಿಗೆ ಬಿಡಿಸಿಕೊಂಡರು. ಸಂಘಕ್ಕೆ ಇನ್ನು ಎರಡು ಕಂತು ಬಾಕಿ. ಟ್ರೇ ಹೇಗಿರುತ್ತೆ, ತೂಕ ಹೇಗೆ ಹಾಕಿದೆವು ಅಂತ ಕಣ್ಣಾರೆ ನೋಡಬೇಕು ಅನ್ನುವವರು ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ, ಏಳೂವರೆ ಗಂಟೆಗೆ, ಅವರ ಮನೆ ಹತ್ತಿರ ಬನ್ನಿ. ತಕ್ಕಡಿ ನಾವು ತರುತ್ತೇವೆ.